ಕಡುಗೆಂಪಿನ ಒಂದು ಚುಕ್ಕೆ

ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ ರೋಗಾಣುಗಳಿಗೆ ಅಡುಗೆ ಮಾಡುವ ಕೆಲಸಕ್ಕೆ ಸೇರಿದಳು. ಇದು ಅವಳದೇ ಮಾತು. ಕೆಲಸಕ್ಕೆ ಬೇರೇನೋ ಹೆಸರಿತ್ತು, ನೇಮಕದ ಕಾಗದದಲ್ಲಿ ಅದನ್ನು ಎರಡು ಸಾಲು ಉದ್ದಕ್ಕೆ ಬರೆದಿದ್ದರು. ಆದರೆ ಯಾರು ಕೇಳಿದರೂ ಅವಳು ಹೇಳುತ್ತಿದ್ದುದು ಇಷ್ಟೇ: "ರೋಗದ ಹುಳಗಳಿಗೆ ಅಡುಗೆ ಮಾಡಿ ಹಾಕ್ತೀನಿ. ಉಪ್ಪು ಕಮ್ಮಿ ಆಯ್ತು ಅಂತ ಒಂದಿನಾನೂ ದೂರು ಬಂದಿಲ್ಲ."

ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಅವಳು ಇದ್ದದ್ದು ದಾರ, ಗುಂಡಿ, ಜಿಪ್ಪು ಮಾರುವ ಅಂಗಡಿಯಲ್ಲಿ. ಎರಡು ಕಟ್ಟಡಗಳ ಸಂದಿನಲ್ಲಿ ಸಿಕ್ಕಿಸಿದಂತಿದ್ದ ಉದ್ದನೆಯ ಕೋಣೆ ಅದು. ಒಂದು ಗೋಡೆಯಿಡೀ ಸಣ್ಣ ಸಣ್ಣ ಮರದ ಡ್ರಾಯರುಗಳು, ಒಂದೊಂದರಲ್ಲಿ ಒಂದೊಂದು ಬಣ್ಣದ ದಾರದುಂಡೆ. ದರ್ಜಿಗಳು ಬಟ್ಟೆಯ ಚೂರು ತಂದು ಮೇಜಿನ ಮೇಲಿಟ್ಟರೆ ದೊಡ್ಡಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಸಲ ನೋಡುವಳು, ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿ ಡ್ರಾಯರ್ ಎಳೆಯುವಳು. ಕೆಂಪು ಒಂದರಲ್ಲೇ ಮೂವತ್ತೊಂದು ಬಗೆ ಇದ್ದವು. ನಾನು ಚಿಕ್ಕವಳಿದ್ದಾಗ ಸ್ವೆಟರಿನ ಗುಂಡಿ ಕಿತ್ತುಹೋಯಿತೆಂದು ಅಲ್ಲಿಗೆ ಹೋಗಿ, ಯಾವುದಾದರೂ ಕೆಂಪು ದಾರ ಕೊಡು ಅಂದಿದ್ದೆ. ಅವಳು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ಯಾರಾದರೂ ಒಬ್ಬ ಅಮ್ಮನನ್ನು ಕೊಡು ಅಂದಿದ್ದೆನೇನೋ ಅನ್ನುವ ಹಾಗಿತ್ತು.

ಅಂಗಡಿಯ ಯಜಮಾನರಿಗೆ ಕಣ್ಣು ಮಂಜಾಗಿ ಕೈಯೂ ಸೋತಾಗ ಅಂಗಡಿ ಮುಚ್ಚಿತು. ಆ ಕೊನೆಯ ವಾರದಲ್ಲಿ ಹಳೆಯ ಗಿರಾಕಿಯೊಬ್ಬರು ಬಂದರು. ಬಿಳಿ ಕೋಟಿನ ಜೇಬನ್ನು ಬಾಗಿಲ ಹಿಡಿಗೆ ಸಿಕ್ಕಿಸಿಕೊಂಡು ಹರಿದುಕೊಳ್ಳುವುದು ಅವರ ಅಭ್ಯಾಸ, ತಿಂಗಳಿಗೊಮ್ಮೆಯಾದರೂ ಬಿಳಿ ದಾರಕ್ಕೆ ಬರುತ್ತಿದ್ದರು. ಎರಡು ಬೀದಿ ಆಚೆಗಿದ್ದ ಸಂಶೋಧನಾಲಯದಲ್ಲಿ ರೋಗಾಣುಗಳ ವಿಭಾಗಕ್ಕೆ ಅವರೇ ಮುಖ್ಯಸ್ಥೆ; ಎಲ್ಲರಿಗೂ 'ಮೇಡಂ'. ಮುಂದೇನು ಮಾಡ್ತೀರಿ ಎಂದು ಅವರು ಕೇಳಿದ್ದಕ್ಕೆ ದೊಡ್ಡಮ್ಮ, ಗೊತ್ತಿಲ್ಲ, ಕೈ ಸುಮ್ಮನೆ ಕೂರೋದಿಲ್ಲ ಅಂದಳಂತೆ. ಕೈ ಸುಮ್ಮನೆ ಕೂರದವರೇ ತಮಗೆ ಬೇಕಾಗಿದ್ದಾರೆ ಎಂದು ಮೇಡಂ ಅಲ್ಲಿಯೇ ಕೆಲಸದ ಮಾತೆತ್ತಿದರು.

ಮನೆಯಲ್ಲಿ ದೊಡ್ಡಪ್ಪನಿಗೆ ಇದು ಸುತರಾಂ ಹಿಡಿಸಲಿಲ್ಲ. ಅವರು ನೀರಿನ ಪಂಪು ರಿಪೇರಿ ಮಾಡುವವರು, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡೇ ಬ್ರೆಡ್ಡು ತಿನ್ನಬಲ್ಲ ಮನುಷ್ಯ. ಅಂಥವರು ಹೆಂಡತಿ ಕೆಲಸಕ್ಕೆ ಸೇರಿದ ಮಾರನೆಯ ದಿನದಿಂದ ಬಾಗಿಲಲ್ಲೇ ಸೋಪು ಹಿಡಿದು ನಿಲ್ಲತೊಡಗಿದರು. ಅಲ್ಲಿ ಮೂರು ಸಲ ಕೈ ತೊಳೆದೇ ಹೊರಗೆ ಬಿಡುತ್ತಾರೆ ಎಂದು ಅವಳು ಹೇಳಿದರೆ, ಹಾಗಾದರೆ ಇದು ನಾಲ್ಕನೇದು ಅನ್ನುತ್ತಿದ್ದರು.

ಅವಳ ಕೋಣೆ ಉದ್ದನೆಯ ಕಾರಿಡಾರಿನ ಕೊನೆಯಲ್ಲಿತ್ತು. ಕಲ್ಲಿನ ಮೇಜು, ಸಾಸಿವೆ ಕಾಳಿನ ಭಾರಕ್ಕೂ ಮುಳ್ಳು ಅಲ್ಲಾಡುವ ತಕ್ಕಡಿ, ಅವಳ ಸೊಂಟದೆತ್ತರದ ಉಕ್ಕಿನ ಕುಕ್ಕರು. ಪುಡಿಗಳನ್ನು ತೂಗಿ, ನೀರಲ್ಲಿ ಕದಡಿ, ಆ ಕುಕ್ಕರಿನಲ್ಲಿ ಬೇಯಿಸಿ, ಕೈ ತಾಳುವಷ್ಟು ಬಿಸಿ ಇರುವಾಗ ಅಂಗೈಯಗಲದ ಪಾರದರ್ಶಕ ತಟ್ಟೆಗಳಿಗೆ ಒಂದು ಗುಳ್ಳೆಯೂ ಏಳದಂತೆ ಸುರಿಯಬೇಕು. ಅದು ಲೋಳೆಯಾಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಸಂಶೋಧಕರು ಬ್ಯಾಕ್ಟೀರಿಯಾ ಸವರಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ ಮರುದಿನಕ್ಕೆ ಚುಕ್ಕೆ ಚುಕ್ಕೆಯಾಗಿ ಬೆಳೆದಿರುತ್ತದೆ. ಕಣ್ಣಿಗೆ ಕಾಣದ ಒಂದು ಜೀವಿ ಒಂದೇ ರಾತ್ರಿಯಲ್ಲಿ ಕೋಟಿಯಾಗಿ ಒಂದು ಚುಕ್ಕೆಯಾಗುತ್ತದೆ ಎಂದು ತಿಳಿದ ದಿನ ದೊಡ್ಡಮ್ಮ ನಮ್ಮ ಮನೆಗೆ ಬಂದು, ಕೂತ ಕುರ್ಚಿಯಲ್ಲಿ ಕೂರಲಾರದೆ, ಚಹಾ ಲೋಟ ಕೈಯಲ್ಲೇ ಹಿಡಿದುಕೊಂಡು ಅಡುಗೆಮನೆಯಿಂದ ಪಡಸಾಲೆಗೆ ಓಡಾಡಿಕೊಂಡು ಹೇಳಿದ್ದಳು. ನಮ್ಮ ಅಮ್ಮ, ಚೆಲ್ಲುತ್ತೆ ಕಣೆ, ಮೊದಲು ಲೋಟ ಇಡು ಅಂದಳು.

ನೋಡಿದ ತಟ್ಟೆಗಳನ್ನೆಲ್ಲ ಸಂಜೆಯೊಳಗೆ ಕುಕ್ಕರಿಗೆ ಹಾಕಿ ಕೊಲ್ಲುವುದೂ ಅವಳ ಪಾಲಿನ ಕೆಲಸ. ಹುಟ್ಟಿಸೋದೂ ನಾನೇ, ಮುಗಿಸೋದೂ ನಾನೇ, ದೇವರ ಸಂಬಳ ಮಾತ್ರ ಬರಲಿಲ್ಲ ಎಂದು ನಗುತ್ತಿದ್ದಳು.

ಅಲ್ಲಿನ ತಟ್ಟೆಗಳಲ್ಲಿ ಅವಳ ಮನಸ್ಸಿಗೆ ತೀರ ಹತ್ತಿರವಾದದ್ದು ಕೆಂಪು ಬಣ್ಣ ಬೆರೆಸಿದ್ದು. ರಕ್ತಭೇದಿ ಬರಿಸುವ ಒಂದು ಬ್ಯಾಕ್ಟೀರಿಯಾವನ್ನು ಅದರ ಮೇಲೆ ಬೆಳೆಸುತ್ತಿದ್ದರು. ಕೆಲವು ಚುಕ್ಕೆಗಳು ಕೆಂಪಾಗುತ್ತಿದ್ದವು, ಕೆಲವು ಬೆಳ್ಳಗೆ ಉಳಿಯುತ್ತಿದ್ದವು. ಯಾಕೆಂದು ಕೇಳಲು ಅವಳು ಹಿಡಿದದ್ದು ಒಬ್ಬ ಸಂಶೋಧಕಿಯನ್ನು. ಕಾರಿಡಾರಿನಲ್ಲಿ ಎಂದೂ ನಡೆಯದೆ ಓಡಿಯೇ ಹೋಗುತ್ತಿದ್ದ ಆ ತೆಳ್ಳನೆಯ ಹುಡುಗಿಗೆ ದೊಡ್ಡಮ್ಮ ಮೊದಲ ವಾರವೇ ಜಿಂಕೆ ಎಂದು ಹೆಸರಿಟ್ಟಿದ್ದಳು. ಅವಳೂ ಅದನ್ನು ಒಪ್ಪಿಕೊಂಡು ಓಡಾಡುತ್ತಿದ್ದಳು.

ಜಿಂಕೆ ಊಟದ ಡಬ್ಬಿ ಬದಿಗಿಟ್ಟು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಈ ಬ್ಯಾಕ್ಟೀರಿಯಾದ ಮೈಮೇಲೆ ಸೂಜಿಗಳಿವೆ. ನಿಜವಾದ ಸೂಜಿಗಳೇ, ಟೊಳ್ಳು, ಮೈಯ ಎರಡೂ ಪದರಗಳನ್ನು ತೂರಿಕೊಂಡು ಹೊರಗೆ ನಿಂತಿವೆ. ನಮ್ಮ ಕರುಳಿನ ಕಣಕ್ಕೆ ತಾಗುವ ತನಕ ಆ ಸೂಜಿಗಳು ಸುಮ್ಮನಿರುತ್ತವೆ. ತಾಗಿದ ಕ್ಷಣ ಬಾಯಿ ತೆರೆಯುತ್ತದೆ, ಬ್ಯಾಕ್ಟೀರಿಯಾದ ಪ್ರೋಟೀನುಗಳು ಅದರ ಮೂಲಕ ನೇರ ನಮ್ಮ ಕಣದ ಒಳಗೆ ಹೋಗುತ್ತವೆ. ಕೆಲವು ಪ್ರೋಟೀನುಗಳು ಕಣವನ್ನು ಮರುಳು ಮಾಡಿ, ಬಾ ಒಳಗೆ ಎಂದು ಬ್ಯಾಕ್ಟೀರಿಯಾವನ್ನು ತಾನೇ ನುಂಗುವ ಹಾಗೆ ಮಾಡುತ್ತವೆ. ಇನ್ನು ಕೆಲವು ಒಳಗಿನ ಎಚ್ಚರಿಕೆಯ ಗಂಟೆಯ ತಂತಿ ಕತ್ತರಿಸುತ್ತವೆ. ಕಣ ಕೂಗುವುದಿಲ್ಲ, ಕಾವಲಿನವರು ಬರುವುದಿಲ್ಲ. ಸೂಜಿ ಇರುವ ಚುಕ್ಕೆಗೆ ಮಾತ್ರ ಈ ಬಣ್ಣ ಹಿಡಿಯುತ್ತದೆ. ಸೂಜಿ ಕಳೆದುಕೊಂಡದ್ದು ಬೆಳ್ಳಗೆ.

ದೊಡ್ಡಮ್ಮ ಚಿತ್ರವನ್ನೇ ನೋಡುತ್ತಿದ್ದಳು. ಸೂಜಿಯ ತೂತು ಇಷ್ಟು ಸಣ್ಣ ಇದೆಯಲ್ಲ, ಪ್ರೋಟೀನು ಅದರಲ್ಲಿ ಹೇಗೆ ತೂರುತ್ತೆ ಎಂದು ಕೇಳಿದಳು. ಮಡಿಚಿಕೊಂಡಿರುವ ಪ್ರೋಟೀನನ್ನು ಮೊದಲು ಬಿಡಿಸಿ, ಎಳೆಯ ಹಾಗೆ ಉದ್ದ ಮಾಡಿ ಕಳಿಸುತ್ತದೆ, ಆಚೆ ಹೋದ ಮೇಲೆ ಮತ್ತೆ ಮಡಿಚಿಕೊಳ್ಳುತ್ತದೆ ಎಂದಳು ಜಿಂಕೆ.

"ಎಳೆಗೆ ಗಂಟು ಬಿದ್ರೆ?"

ಜಿಂಕೆ ಚಮಚ ಕೆಳಗಿಟ್ಟಳು. "ಸೂಜಿ ಕಟ್ಟಿಕೊಳ್ಳುತ್ತೆ. ಬೇಕು ಅಂತಲೇ ಬಿಗಿಯಾದ ಪ್ರೋಟೀನು ತುರುಕಿ ನೋಡಿದ್ದಾರೆ. ಆ ಪ್ರಶ್ನೆ ನನಗೆ ಹೊಳೆಯೋಕೆ ಎರಡು ವರ್ಷ ಹಿಡೀತು, ನಿಮಗೆ ಎರಡು ನಿಮಿಷ."

ಆ ದಿನದಿಂದ ಊಟದ ಹೊತ್ತು ಅವರಿಬ್ಬರ ತರಗತಿಯಾಯಿತು. ದೊಡ್ಡಮ್ಮನಿಗೆ ಎಂಟನೆಯ ತರಗತಿಯ ಆಚೆಗೆ ಓದು ಇರಲಿಲ್ಲ. ಆದರೆ ಕೇಳುವುದಕ್ಕೆ ನಾಚಿಕೆ ಅನ್ನುವುದೂ ಇರಲಿಲ್ಲ.

ಜಿಂಕೆ ಆಗ ಹುಡುಕುತ್ತಿದ್ದದ್ದು ಒಂದು ಬೀಗವನ್ನು. ಕಣಕ್ಕೆ ತಾಗುವ ತನಕ ಸೂಜಿಯ ಬಾಯಿ ಮುಚ್ಚಿಡುವುದು ಯಾವುದು? ಅದನ್ನು ಕಂಡುಹಿಡಿಯಲು ಅವಳು ಬ್ಯಾಕ್ಟೀರಿಯಾದ ಸಾವಿರಾರು ತಳಿಗಳನ್ನು ಮಾಡಿಟ್ಟಿದ್ದಳು, ಒಂದೊಂದರಲ್ಲೂ ಒಂದೊಂದು ಜೀನು ಕೆಡಿಸಿ. ಬೀಗದ ಜೀನು ಕೆಟ್ಟ ತಳಿ ಸಿಕ್ಕರೆ ಸೂಜಿ ಸದಾ ತೆರೆದೇ ಇರುತ್ತದೆ, ಪ್ರೋಟೀನು ಸುಮ್ಮನೆ ಸೋರುತ್ತಿರುತ್ತದೆ. ಅದನ್ನು ಗುರುತಿಸಲು ಪ್ರತಿ ತಳಿಯನ್ನೂ ದ್ರವದಲ್ಲಿ ಬೆಳೆಸಿ, ಸೋಸಿ, ಸೋರಿದ ಪ್ರೋಟೀನು ಇದೆಯಾ ಎಂದು ಒಂದೊಂದಾಗಿ ನೋಡಬೇಕು. ಒಂದೂಕಾಲು ವರ್ಷವಾಗಿತ್ತು. ಏನೂ ಸಿಕ್ಕಿರಲಿಲ್ಲ. ಓಡುವುದನ್ನು ಬಿಟ್ಟು ನಡೆಯತೊಡಗಿದ್ದಳು, ಅದೇ ದೊಡ್ಡಮ್ಮನಿಗೆ ಕಳವಳ.

ಒಂದು ಗುರುವಾರ ಮಧ್ಯಾಹ್ನ, ಕುಕ್ಕರಿಗೆ ಹಾಕಲೆಂದು, ಜಿಂಕೆಯ ತಳಿಗಳನ್ನು ಬೆರೆಸಿ ಸವರಿದ್ದ ಕೆಂಪು ತಟ್ಟೆಗಳನ್ನು ಹತ್ತು ಹತ್ತರ ಅಟ್ಟಿ ಮಾಡುತ್ತಿದ್ದಾಗ ದೊಡ್ಡಮ್ಮನ ಕೈ ನಿಂತಿತು. ಒಂದು ತಟ್ಟೆಯಲ್ಲಿ ಇನ್ನೂರರಷ್ಟು ಕೆಂಪು ಚುಕ್ಕೆಗಳ ನಡುವೆ ಒಂದು ಚುಕ್ಕೆ ಅವಳಿಗೆ ಬೇರೆಯಾಗಿ ಕಂಡಿತು. ಬಿಳಿಯಲ್ಲ. ಕೆಂಪೇ. ಆದರೆ ಆ ಕೆಂಪಲ್ಲ. ತಟ್ಟೆಯನ್ನು ಮುಚ್ಚಳದ ಸಮೇತ ಕಿಟಕಿಗೆ ಒಯ್ದು ಕೆಳಗೊಂದು ಬಿಳಿ ಹಾಳೆ ಹಿಡಿದಳು. ಲೋಳೆ ಒಣಗಿದ ಅಂಚಿನಲ್ಲಿ ಬಣ್ಣ ಗಾಢವಾಗುವುದು ಅವಳಿಗೆ ಗೊತ್ತಿತ್ತು, ಆದರೆ ಇದು ಅಂಚಿನಲ್ಲಿರಲಿಲ್ಲ. ಚುಕ್ಕೆ ದೊಡ್ಡದಾದರೆ ನಡುವೆ ಗಾಢವಾಗುವುದೂ ಗೊತ್ತಿತ್ತು, ಇದು ಪಕ್ಕದವುಗಳಿಗಿಂತ ದೊಡ್ಡದೇನೂ ಅಲ್ಲ. 

ಜಿಂಕೆ ಅಂದು ಹೊರಗೆ ಹೋಗಿದ್ದಳು. ವಿಭಾಗದ ವ್ಯವಸ್ಥೆ ನೋಡಿಕೊಳ್ಳುವ ಹಿರಿಯರಿದ್ದರು. ಗೋಡೆಯ ಮೇಲೆ ಹದಿನೆಂಟು ನಿಯಮಗಳನ್ನು ಬರೆದು ಅಂಟಿಸಿದ್ದರಿಂದ ಅವರಿಗೆ ರೂಲ್ಸ್ ಮೇಷ್ಟ್ರು ಎಂದೇ ಹೆಸರು. ದೊಡ್ಡಮ್ಮ ತಟ್ಟೆಯನ್ನು ಅವರಿಗೆ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು. ಕೆಂಪು ಅಂದರೆ ಸೂಜಿ ಇದೆ, ಬಿಳಿ ಅಂದರೆ ಇಲ್ಲ, ನಡುವೆ ಏನೂ ಇಲ್ಲ, ಆಚೆಗೂ ಏನೂ ಇಲ್ಲ ಅಂದರು. ನೋಡಿದ ತಟ್ಟೆಯನ್ನು ಅದೇ ದಿನ ಕೊಲ್ಲಬೇಕು ಅನ್ನುವುದು ಏಳನೆಯ ನಿಯಮ ಎಂದೂ ನೆನಪಿಸಿದರು. ದೊಡ್ಡಮ್ಮ ವಾದ ಮಾಡಲಿಲ್ಲ. ತಟ್ಟೆಗೆ ಟೇಪು ಸುತ್ತಿ, ಮೇಲೆ 'ಇದು ಬೇರೆ' ಎಂದು ಬರೆದು ಜಿಂಕೆಯ ಫ್ರಿಜ್ಜಿನಲ್ಲಿಟ್ಟು ಮನೆಗೆ ಹೋದಳು.

ಶುಕ್ರವಾರ ಜಿಂಕೆ ತಟ್ಟೆ ನೋಡಿದಳು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅವಳಿಗೂ ವ್ಯತ್ಯಾಸ ಕಾಣಲಿಲ್ಲ. ಆದರೂ, ಇಷ್ಟು ದಿನ ತನ್ನ ಕಣ್ಣನ್ನೇ ನಂಬಿ ಏನೂ ಸಿಗಲಿಲ್ಲವಲ್ಲ ಎಂದು ದೊಡ್ಡಮ್ಮ ಬೊಟ್ಟು ಮಾಡಿದ ಚುಕ್ಕೆಯನ್ನು ತಂತಿಯ ತುದಿಯಿಂದ ಎತ್ತಿ ಒಂದು ಟ್ಯೂಬಿನಲ್ಲಿದ್ದ ಆಹಾರದ ಸಾರಿಗೆ ಹಾಕಿದಳು. ಸಂಜೆ ಅದನ್ನು ಬೆಚ್ಚಗಿನ ಪೆಟ್ಟಿಗೆಯಿಂದ ತೆಗೆದಿಡಬೇಕಿತ್ತು, ಮರೆತಳು. ಶನಿವಾರ, ಭಾನುವಾರ ಎರಡೂ ದಿನ ಟ್ಯೂಬು ಮೈಬಿಸಿಯ ಶಾಖದಲ್ಲೇ ಉಳಿಯಿತು. ಅತ್ತ ಶುಕ್ರವಾರ ಸಂಜೆಯೇ ರೂಲ್ಸ್ ಮೇಷ್ಟ್ರು ಫ್ರಿಜ್ಜು ಶುಚಿ ಮಾಡಿಸಿ, ಏಳನೆಯ ನಿಯಮದ ಪ್ರಕಾರ ಟೇಪು ಸುತ್ತಿದ ತಟ್ಟೆಯನ್ನು ಕುಕ್ಕರಿಗೆ ಕಳಿಸಿದ್ದರು.

ಸೋಮವಾರ ಜಿಂಕೆ ಟ್ಯೂಬಿನಿಂದ ಸ್ವಲ್ಪ ತೆಗೆದು ಹೊಸ ಕೆಂಪು ತಟ್ಟೆಗೆ ಸವರಿದಳು. ಮಂಗಳವಾರ ನೋಡಿದರೆ ತಟ್ಟೆ ತುಂಬ ಬಿಳಿ ಚುಕ್ಕೆಗಳು, ಒಂದಾದರೂ ಕೆಂಪಿಲ್ಲ.

ಇದು ಆ ಬ್ಯಾಕ್ಟೀರಿಯಾದ ಹಳೆಯ ಚಾಳಿ. ಸೂಜಿಗಳನ್ನು ಮಾಡುವುದು ಅದಕ್ಕೆ ದೊಡ್ಡ ಹೊರೆ. ಹೊಟ್ಟೆ ತುಂಬ ಸಾರು, ಬೆಚ್ಚಗಿನ ಜಾಗ, ಚುಚ್ಚಲು ಯಾರೂ ಇಲ್ಲ ಎಂದಾದರೆ ಸೂಜಿಯ ಇಡೀ ಗಂಟುಮೂಟೆಯನ್ನೇ ಕೆಲವು ಎಸೆದುಬಿಡುತ್ತವೆ. ಹಾಗೆ ಹಗುರಾದವು ಬೇಗ ಬೇಗ ಬೆಳೆದು ಹೊರೆ ಹೊತ್ತವನ್ನು ಮೂಲೆಗೆ ತಳ್ಳುತ್ತವೆ. ಸೋರುವ ಸೂಜಿಯದ್ದಾದರೆ ಹೊರೆ ಇನ್ನೂ ಹೆಚ್ಚು, ಕಳೆದುಹೋಗುವುದೂ ಇನ್ನೂ ಬೇಗ. ಇಷ್ಟು ಹೇಳಿ ಜಿಂಕೆ ಅಡುಗೆ ಕೋಣೆಯ ಸ್ಟೂಲಿನ ಮೇಲೆ ಕುಸಿದು ಕೂತಳು. ತಾನು ಮರೆತದ್ದೇ ಮುಳುಗಿಸಿತು ಅಂದಳು.

ದೊಡ್ಡಮ್ಮ ಮೊದಲು ಕೇಳಿದ್ದು, ಟ್ಯೂಬಿನಲ್ಲಿ ಇನ್ನೂ ಉಳಿದಿದೆಯೇ ಎಂದು. ಉಳಿದಿತ್ತು. ಎಲ್ಲವೂ ಬೆಳ್ಳಗಾಗಿವೆಯೇ, ಅಥವಾ ಲಕ್ಷಕ್ಕೊಂದಾದರೂ ಹಳೆಯದು ಇರಬಹುದೇ? ಇರಬಹುದು, ಸಾವಿರಕ್ಕೊಂದೋ ಹತ್ತು ಸಾವಿರಕ್ಕೊಂದೋ.

"ಹಾಗಾದ್ರೆ ನಾನು ತಟ್ಟೆ ಸುರೀತೀನಿ. ನೀನು ಸವರು. ನೋಡೋದು ನನ್ನ ಕೆಲಸ."

ಅವತ್ತು ಅವಳು ಎಂಬತ್ತು ತಟ್ಟೆ ಸುರಿದಳು. ಜಿಂಕೆ ಒಂದೊಂದಕ್ಕೂ ಮುನ್ನೂರು, ನಾನ್ನೂರು ಚುಕ್ಕೆ ಬರುವ ಹಾಗೆ ಸವರಿದಳು. ಮರುದಿನ ಬೆಳಿಗ್ಗೆ ದೊಡ್ಡಮ್ಮ ಕಿಟಕಿಯ ಪಕ್ಕದ ಮೇಜಿಗೆ ಬಿಳಿ ಹಾಳೆ ಹಾಸಿ ಕೂತಳು. ಗ್ಲೌಸು ಹಾಕಿದ ಎರಡು ಕೈಗಳಲ್ಲಿ ತಟ್ಟೆ ಹಿಡಿದು, ಮುಚ್ಚಳ ತೆಗೆಯದೆ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವ ಹಾಗೆ ನೋಡತೊಡಗಿದಳು. ಬಿಳಿ, ಬಿಳಿ, ಬಿಳಿ. ಹದಿನಾರನೆಯ ತಟ್ಟೆಯಲ್ಲಿ ಒಂದು ಕೆಂಪು ಸಿಕ್ಕಿತು. ಜಿಂಕೆ ಎದ್ದು ನಿಂತಳು. ದೊಡ್ಡಮ್ಮ ಅಲ್ಲವೆಂದು ತಲೆಯಾಡಿಸಿದಳು, ಇದು ಮಾಮೂಲಿ ಕೆಂಪು, ಚುಕ್ಕೆ ಎತ್ತುವಾಗ ಪಕ್ಕದ್ದು ಅಂಟಿ ಬಂದಿರಬೇಕು. ಇಪ್ಪತ್ತೆಂಟರಲ್ಲಿ ಇನ್ನೊಂದು. ಅದೂ ಅಲ್ಲ.

ಹನ್ನೊಂದು ಗಂಟೆಗೆ ಕಣ್ಣಲ್ಲಿ ನೀರು ಬರತೊಡಗಿತು. ಕೆಂಪನ್ನು ತುಂಬ ಹೊತ್ತು ನೋಡಿದರೆ ಕಣ್ಣಿಗೆ ಎಲ್ಲವೂ ಹಸಿರಾಗುತ್ತದೆ, ಆಗ ಬೂದು ಬಣ್ಣ ನೋಡಬೇಕು. ಅದಕ್ಕೆ ಅವಳು ಹತ್ತು ತಟ್ಟೆಗೊಮ್ಮೆ ಕಿಟಕಿಯಾಚೆಯ ಸಿಮೆಂಟು ಗೋಡೆಯನ್ನು ದಿಟ್ಟಿಸುತ್ತಿದ್ದಳು. ಅಷ್ಟರಲ್ಲಿ ಸುದ್ದಿ ಕಾರಿಡಾರಿನಲ್ಲೆಲ್ಲ ಹಬ್ಬಿ ಬಾಗಿಲಲ್ಲಿ ತಲೆಗಳು ಇಣುಕತೊಡಗಿದವು. ರೂಲ್ಸ್ ಮೇಷ್ಟ್ರು ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡರೆ, ಅವರು ಇಣುಕುತ್ತಿದ್ದವರನ್ನೆಲ್ಲ ಅಟ್ಟಿದರು, ಬೆಳಕಿಗೆ ಅಡ್ಡವಿದ್ದ ಕಪಾಟನ್ನು ತಾವೇ ಸರಿಸಿದರು, ಸ್ಟೂಲು ಎಳೆದು ಕೂತು ನೋಡಿ ಮುಗಿದ ತಟ್ಟೆಗಳನ್ನು ಅಟ್ಟಿ ಮಾಡತೊಡಗಿದರು. 

ಅರವತ್ತೇಳನೆಯ ತಟ್ಟೆಯನ್ನು ಅವಳು ಕೈಯಿಂದ ಕೆಳಗಿಡಲಿಲ್ಲ. ಸ್ವಲ್ಪ ಓರೆ ಮಾಡಿದಳು. ಸಿಮೆಂಟು ಗೋಡೆ ನೋಡಿದಳು, ಮತ್ತೆ ತಟ್ಟೆ ನೋಡಿದಳು.

"ಇದೇ," ಅಂದಳು. "ಕೈ ತೊಳ್ಕೊಂಡು ಬಾ, ಇದೇ."

ಈ ಸಲ ಜಿಂಕೆ ಟ್ಯೂಬು ಮರೆಯಲಿಲ್ಲ. ಸೂಜಿಯ ಹೊರೆ ಬೀಳದ ಕಡಿಮೆ ಶಾಖದಲ್ಲಿ ಬೆಳೆಸಿ, ಹದಿನೈದು ಸಣ್ಣ ಸೀಸೆಗಳಿಗೆ ಹಂಚಿ, ಮೂರು ಬೇರೆ ಬೇರೆ ಹಿಮಪೆಟ್ಟಿಗೆಗಳಲ್ಲಿ ಇಟ್ಟಳು. ಆದರೆ ಮೇಡಂ ಅಷ್ಟಕ್ಕೇ ನಂಬುವವರಲ್ಲ. ತಾವೇ ಇಪ್ಪತ್ತನಾಲ್ಕು ತಟ್ಟೆಗಳನ್ನು ಸಿದ್ಧ ಮಾಡಿಸಿದರು. ಕೆಲವಕ್ಕೆ ಮಾಮೂಲಿ ತಳಿ, ಕೆಲವಕ್ಕೆ ಹೊಸದು, ಯಾವುದು ಯಾವುದೆಂದು ತಮ್ಮ ಜೇಬಿನಲ್ಲಿದ್ದ ಚೀಟಿಯಲ್ಲಿ ಮಾತ್ರ ಬರೆದಿದ್ದರು. ದೊಡ್ಡಮ್ಮ ಅವುಗಳನ್ನು ಎರಡು ಗುಂಪು ಮಾಡಲು ತೆಗೆದುಕೊಂಡದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ಮೇಡಂ ಚೀಟಿ ತೆಗೆದು ಒಂದೊಂದೇ ಹೋಲಿಸಿದರು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಸರಿ. ಮೇಡಂ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಲು ಹೋದರು. ಜೇಬು ಹರಿದಿತ್ತು, ಚೀಟಿ ನೆಲಕ್ಕೆ ಬಿತ್ತು, ಅವರಿಗೆ ಅದರ ಮೇಲೆ ಗಮನವೇ ಇರಲಿಲ್ಲ.

ಆಮೇಲಿನ ಪರೀಕ್ಷೆಯ ದಿನವನ್ನು ದೊಡ್ಡಮ್ಮ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿದ್ದೆನೇನೋ ಅನ್ನಿಸುತ್ತದೆ. ಎರಡೂ ತಳಿಗಳನ್ನು ದ್ರವದಲ್ಲಿ ಬೆಳೆಸಿ, ಬ್ಯಾಕ್ಟೀರಿಯಾವನ್ನು ತಳಕ್ಕೆ ಇಳಿಸಿ, ಮೇಲಿನ ತಿಳಿನೀರನ್ನು ತೆಳುವಾದ ಲೋಳೆಪಟ್ಟಿಯಲ್ಲಿ ಹರಿಯಬಿಟ್ಟರು. ಅದರಲ್ಲಿ ಪ್ರೋಟೀನು ಇದ್ದರೆ ನೀಲಿ ಗೆರೆಗಳಾಗಿ ಮೂಡುತ್ತದೆ. ನೀಲಿ ಬಣ್ಣದಲ್ಲಿ ನೆನೆಸಿ, ಹೆಚ್ಚಿನದನ್ನು ತೊಳೆಯಲು ಪಟ್ಟಿಯನ್ನು ಅಲ್ಲಾಡುವ ತಟ್ಟೆಯಲ್ಲಿಟ್ಟು ಕಾದರು. ನಿಧಾನವಾಗಿ ಹಿನ್ನೆಲೆ ತಿಳಿಯಾಯಿತು. ಎಡಗಡೆ, ಮಾಮೂಲಿ ತಳಿಯ ಜಾಗದಲ್ಲಿ, ಹೆಚ್ಚುಕಮ್ಮಿ ಖಾಲಿ. ಬಲಗಡೆ ಒಂದು ಗೆರೆ ಕಂಡಿತು, ಅದರ ಕೆಳಗೆ ಇನ್ನೊಂದು, ಆಮೇಲೆ ಮೂರು, ನಾಲ್ಕು, ಏಣಿಯ ಮೆಟ್ಟಿಲುಗಳ ಹಾಗೆ. ಚುಚ್ಚಲು ಒಂದು ಕಣವೂ ಇಲ್ಲದಿದ್ದರೂ ಆ ಬ್ಯಾಕ್ಟೀರಿಯಾ ತನ್ನ ಸರಕನ್ನೆಲ್ಲ ನೀರಿಗೆ ಚೆಲ್ಲಿಬಿಟ್ಟಿತ್ತು.  ಜಿಂಕೆ ಬಾಗಿಲು ತೆಗೆದು ಕಾರಿಡಾರಿಗೆ ಹೋಗಿ ಈ ತುದಿಯಿಂದ ಆ ತುದಿಗೆ ಓಡಿದಳು, ಮತ್ತೆ ಓಡಿ ಬಂದು ದೊಡ್ಡಮ್ಮನನ್ನು ತಬ್ಬಿಕೊಂಡಳು.

ಕೆಟ್ಟ ಜೀನು ಯಾವುದೆಂದು ಮುಂದಿನ ಕೆಲವು ವಾರಗಳಲ್ಲಿ ಗೊತ್ತಾಯಿತು. ಸೂಜಿಯ ತುದಿಗೆ ಒಂದು ಮುಚ್ಚಳವಿರುತ್ತದೆ, ಅದನ್ನು ಮಾಡುವ ಜೀನೇ ಇದರಲ್ಲಿ ಹಾಳಾಗಿತ್ತು. ಆ ಮುಚ್ಚಳ ಬರೀ ಮುಚ್ಚಳವಲ್ಲ, ನಮ್ಮ ಕಣಕ್ಕೆ ತಗುಲಿಕೊಳ್ಳುವ ಕೊಂಡಿಯೂ ಅದೇ. ಹಾಗಾಗಿ ಮುಚ್ಚಳವಿಲ್ಲದ ಬ್ಯಾಕ್ಟೀರಿಯಾ ಸೋರುತ್ತದೆ, ಆದರೆ ಚುಚ್ಚಲಾರದು. ಹೀಗೆ ಸೋರುವುದಕ್ಕೆ ಬಣ್ಣವೂ ಹೆಚ್ಚು ಹಿಡಿಯುತ್ತದೆ, ದೊಡ್ಡಮ್ಮ ಕಂಡ ಕಡುಗೆಂಪು ಅದೇ.

ಅದರಿಂದ ಏನಾಗುತ್ತದೆ ಎಂದು ನೋಡಲು ಅವರು ಎರಡೂ ತಳಿಗಳನ್ನು ಕಾವಲು ಕಣಗಳ ಜೊತೆ ಬಿಟ್ಟರು. ಮೈಗೆ ನುಗ್ಗಿದ್ದನ್ನು ನುಂಗಿ ಜೀರ್ಣಿಸುವುದೇ ಈ ಕಣಗಳ ಕೆಲಸ. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪರದೆಯ ಮುಂದೆ ದೊಡ್ಡಮ್ಮನಿಗೂ ಒಂದು ಕುರ್ಚಿ ಹಾಕಿದ್ದರು. ಮಾಮೂಲಿ ತಳಿಯನ್ನು ಕಾವಲು ಕಣ ನುಂಗಿತು. ಆದರೆ ಆ ಬ್ಯಾಕ್ಟೀರಿಯಾ ಹೊಟ್ಟೆಯೊಳಗಿಂದಲೇ ಸೂಜಿ ಹಾಕಿ, ತನ್ನನ್ನು ಮುಚ್ಚಿದ್ದ ಚೀಲ ಹರಿದು ಹೊರಬಂದು, ನುಂಗಿದ ಕಣವನ್ನೇ ಉಬ್ಬಿಸಿ ಒಡೆಯಿತು. ದೊಡ್ಡಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಹೊಸ ತಳಿ. ಕಾವಲು ಕಣ ಅದನ್ನೂ ನುಂಗಿತು. ಎಲ್ಲರೂ ಕಾದರು. ಅದು ಒಳಗೆ ಸುಮ್ಮನೆ ಕೂತಿತ್ತು, ಸೋರುತ್ತಾ ಕೂತಿತ್ತು. ಸ್ವಲ್ಪ ಸ್ವಲ್ಪವಾಗಿ ಮಸುಕಾಯಿತು, ಕರಗಿತು. ಕಾವಲು ಕಣ ಏನೂ ಆಗದವರ ಹಾಗೆ ಮುಂದಕ್ಕೆ ತೆವಳಿತು. ದೊಡ್ಡಮ್ಮ ಚಪ್ಪಾಳೆ ತಟ್ಟಿದಳು. ಸಂಶೋಧನಾಲಯದಲ್ಲಿ ಹಾಗೆಲ್ಲ ಚಪ್ಪಾಳೆ ತಟ್ಟುವ ಪದ್ಧತಿ ಇಲ್ಲ, ಆದರೂ ಅವಳ ಹಿಂದೆ ಎಲ್ಲರೂ ತಟ್ಟಿದರು.

ಸೋರಿದ ಪ್ರೋಟೀನುಗಳಿಂದ ಇನ್ನೊಂದು ಲಾಭವಾಯಿತು. ಮೊದಲೆಲ್ಲ ಹನಿಯಷ್ಟು ಸಿಕ್ಕರೆ ಹೆಚ್ಚು, ಈಗ ಚೊಂಬುಗಟ್ಟಲೆ. ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಬೇರ್ಪಡಿಸಿ, ಒಂದೊಂದನ್ನೇ ಕಣಗಳೊಳಗೆ ಸೇರಿಸಿ ನೋಡಿದರು. ಕೆಳಗಿನಿಂದ ಎರಡನೆಯದನ್ನು ಸೇರಿಸಿದ ಕಣಗಳಲ್ಲಿ ಏನು ಮಾಡಿದರೂ ಎಚ್ಚರಿಕೆಯ ಗಂಟೆ ಬಾರಿಸಲಿಲ್ಲ. ತಂತಿ ಕತ್ತರಿಸುವವನು ಅವನೇ. ಅವನನ್ನು ತಡೆಯುವ ಔಷಧ ಹುಡುಕುವುದು ಈಗ ಜಿಂಕೆಯ ಕೆಲಸ.

ಈ ಎಲ್ಲ ಕೆಲಸದ ಲೇಖನ ಬರೆಯುವಾಗ ದೊಡ್ಡಮ್ಮನ ಹೆಸರು ಎಲ್ಲಿ ಹಾಕುವುದು ಎಂದು ಸಣ್ಣ ಚರ್ಚೆಯಾಯಿತಂತೆ. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಹಾಕಿದರೆ ಸಾಕಲ್ಲವೇ ಎಂದು ಬೇರೆ ವಿಭಾಗದ ಯಾರೋ ಅಂದರು. ಆಗ ಎದ್ದು ನಿಂತವರು ರೂಲ್ಸ್ ಮೇಷ್ಟ್ರು. ಮುಖ್ಯವಾದದ್ದನ್ನು ಮೊದಲು ಕಂಡವರ ಹೆಸರು ಲೇಖಕರ ಸಾಲಿನಲ್ಲಿರಬೇಕು, ಅದು ನಿಯಮ ಅಂದರು. ಎಷ್ಟನೆಯ ನಿಯಮ ಎಂದು ಯಾರೂ ಕೇಳಲಿಲ್ಲ. ಹೆಸರು ಮೂರನೆಯದಾಗಿ ಬಂತು. ದೊಡ್ಡಪ್ಪ ಆ ಹಾಳೆಯನ್ನು ಪಂಪಿನ ಅಂಗಡಿಗೆ ಒಯ್ದು ಬಂದವರಿಗೆಲ್ಲ ತೋರಿಸಿದರು. ಅದರಲ್ಲಿ ಅವರಿಗೆ ಓದಲು ಬರುತ್ತಿದ್ದ ಪದ ಅವಳ ಹೆಸರೊಂದೇ.

ದೊಡ್ಡಮ್ಮನಿಗೆ ಮಾತ್ರ ಇನ್ನೊಂದು ಆಸೆ ಇತ್ತು. ಬಣ್ಣ ನೋಡಿದೆ, ಗೆರೆ ನೋಡಿದೆ, ಆ ಸೂಜಿಯನ್ನೇ ನೋಡಬೇಕಲ್ಲ ಎಂದು ಮೇಡಂಗೆ ಹೇಳಿದಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದ್ದದ್ದು ನೆಲಮಾಳಿಗೆಯಲ್ಲಿ. ಮನುಷ್ಯನೆತ್ತರದ ಯಂತ್ರ, ಕಿಟಕಿಯಿಲ್ಲದ ಕೋಣೆ, ಅದನ್ನು ನಡೆಸುವ ತಂತ್ರಜ್ಞ ಬೆಳಗಿನಿಂದ ಸಂಜೆಯವರೆಗೆ ಸ್ವೆಟರ್ ಹಾಕಿಕೊಂಡೇ ಇರುವವನು. ಒಂದು ಮಂಗಳವಾರ ಊಟಕ್ಕೆ ಮೊದಲು ಅರ್ಧ ಗಂಟೆ ಬಿಡುವು ಕೊಟ್ಟ. ಅವಳು ನನ್ನನ್ನೂ ಕರೆದುಕೊಂಡು ಹೋಗಲು ಮೇಡಂ ಹತ್ತಿರ ಅಪ್ಪಣೆ ಪಡೆದಿದ್ದಳು.

ಪರದೆಯ ಮೇಲೆ ಮೊದಲು ಬರೀ ಬೂದು ಮಂಜು. ತಂತ್ರಜ್ಞ ಗುಬುಟು ತಿರುಗಿಸುತ್ತಾ ಹೋದ. ಮಂಜಿನಲ್ಲಿ ಒಂದು ಉದ್ದನೆಯ ಕಪ್ಪು ಆಕಾರ ಬಂತು, ಅದರ ಅಂಚು ಸ್ಪಷ್ಟವಾಯಿತು. ಅಂಚಿನ ಮೇಲೆ ನೆಟ್ಟಗೆ, ಸಣ್ಣಗೆ, ಒಂದಕ್ಕೊಂದು ತಾಗದೆ ನಿಂತಿದ್ದವು ಸೂಜಿಗಳು. ಬುಡದಲ್ಲಿ ದಪ್ಪ, ಮೇಲೆ ಕೂದಲಿಗಿಂತ ಎಷ್ಟೋ ಸಾವಿರ ಪಟ್ಟು ತೆಳುವಾದ ಕೋಲು. ನಾನು ಚಿತ್ರಗಳಲ್ಲಿ ನೋಡಿದ್ದೆ, ಆದರೂ ಪರದೆಯತ್ತ ಬಾಗಿದೆ. ಇಷ್ಟು ಸಣ್ಣ ಜೀವಿಯ ಮೈಮೇಲೆ ಇಷ್ಟು ನಿಖರವಾದ ಯಂತ್ರ.

ದೊಡ್ಡಮ್ಮ ಕನ್ನಡಕ ಒರೆಸಿಕೊಂಡಳು, ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು, ಬೆರಳು ಗಾಳಿಯಲ್ಲಿ ಆಡಿಸುತ್ತಾ ಎಣಿಸತೊಡಗಿದಳು. ತಂತ್ರಜ್ಞ ಗಡಿಯಾರ ನೋಡಿದ. ಹನ್ನೊಂದನೆಯ ಸೂಜಿಯಾಯಿತು, ಹನ್ನೆರಡನೆಯದಾಯಿತು. ಅವನು ಊಟದ ಡಬ್ಬಿ ಕೈಗೆ ತೆಗೆದುಕೊಂಡು, ಹದಿನೇಳು ಇವೆಯಮ್ಮ, ಬೆಳಿಗ್ಗೆಯೇ ಎಣಿಸಿದ್ದೇನೆ ಅಂದ.

ಅವಳು ತಿರುಗಿ ನೋಡಲಿಲ್ಲ. "ಹದಿನೆಂಟು," ಅಂದಳು. "ಆ ಕೆಳಗಿನ ತಿರುವಲ್ಲಿ ಒಂದು ಅರ್ಧ ಮರೆಯಾಗಿದೆ ನೋಡಿ. ಸ್ವಲ್ಪ ಆ ಕಡೆ ಸರಿಸ್ತೀರಾ?"

ತಂತ್ರಜ್ಞ ಡಬ್ಬಿ ಕೆಳಗಿಟ್ಟು ಗುಬುಟು ಹಿಡಿದ.